ನಾಲ್ಕನೇ ಜಿನ್ನಿನ ಕಣ್ಣು

ಅಣ್ಣಿಗೇರಿಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಾನು ತೂಕದವ. ಇಪ್ಪತ್ತೆಂಟು ವರ್ಷ ಒಂದೇ ತಕ್ಕಡಿಯ ಮುಂದೆ ನಿಂತಿದ್ದೇನೆ. ಗಾಡಿಯಿಂದ ಇಳಿದ ಹತ್ತಿ ಮೊದಲು ನನ್ನ ಮುಂದೆ ಬಂದು ಆಮೇಲೆ ಒಳಗೆ ಜಿನ್ನುಗಳಿಗೆ ಹೋಗುತ್ತದೆ. ಅಲ್ಲಿ ಚರ್ಮ ಸುತ್ತಿದ ಒಂದು ಉರುಳೆ ತಿರುಗುತ್ತ ಅರಳೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಒತ್ತಿಕೊಂಡ ಉಕ್ಕಿನ ಅಲಗು ಹತ್ತಿಕಾಳನ್ನು ತಡೆದು ಕೆಳಗೆ ಬೀಳಿಸುತ್ತದೆ. ಉರುಳೆಗೆ ಹತ್ತಿ ಯಾವುದು, ಬೆರಳು ಯಾವುದು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಜಿನ್ನಿನ ಬಾಯಿಗೂ ಒಂದು ಹಲಗೆ ಇರುತ್ತದೆ. ಹಲಗೆಯ ಕೆಳಗಿನ ಸಂದಿಯಲ್ಲಿ ಹೆಣ್ಣುಮಕ್ಕಳು ಹತ್ತಿ ನೂಕುತ್ತಾರೆ.

ಸಂದಿಯಲ್ಲಿ ಹತ್ತಿ ಸಿಕ್ಕಿಕೊಂಡಾಗ ಮಾತ್ರ ತೊಂದರೆ. ಜಿನ್ನು ನಿಲ್ಲಿಸಬೇಕಾದರೆ ಎದ್ದು ಹೋಗಿ ಅದನ್ನು ತಿರುಗಿಸುವ ಪಟ್ಟಾ ಸರಿಸಬೇಕು. ಕೆಲಸದ ಅವಸರದಲ್ಲಿ ಯಾರೂ ಏಳುವುದಿಲ್ಲ. ಹಲಗೆಯನ್ನು ಎಡಗೈಯಿಂದ ಎತ್ತಿ, ಬಲಗೈ ಒಳಗೆ ಹಾಕಿ, ಸಿಕ್ಕಿದ್ದನ್ನು ಕಿತ್ತು ಹಲಗೆ ಬಿಡುತ್ತಾರೆ. ಎಪ್ಪತ್ತೈದರ ಸುಗ್ಗಿಯಲ್ಲಿ ನಾಲ್ಕನೇ ಜಿನ್ನಿನ ಮುಂದೆ ಕೂತಿದ್ದ ಮಲ್ಲಕ್ಕನೂ ಹಾಗೇ ಮಾಡಿದಳು. ಎರಡು ಬೆರಳಿನ ತುದಿ ಹೋದವು. ಈಗ ಅವಳು ಅಂಗಳ ಗುಡಿಸುತ್ತಾಳೆ. ಅವಳ ಜಾಗದಲ್ಲಿ ಅವಳ ತಂಗಿ ರೇಣುಕವ್ವ ಕೂತಿದ್ದಾಳೆ.

ಅಂದು ಮಲ್ಲಕ್ಕನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಪ್ರಭಂಜನ. ನಮ್ಮ ಧಣಿ ಕೃಷ್ಣಾಜಿಯವರ ಅಣ್ಣನ ಮಗ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ ಅಲ್ಲಿಯೇ ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು ಅಂದು ಊರಿಗೆ ಬಂದಿದ್ದ. ಅಂಗಿಯ ತುಂಬ ರಕ್ತ ಮಾಡಿಕೊಂಡು ತಿರುಗಿ ಬಂದವನು ಬಹಳ ಹೊತ್ತು ಆ ಜಿನ್ನಿನ ಮುಂದೆ ನಿಂತಿದ್ದ. ಮರುವರ್ಷ ಮಾರ್ಚ್ ತಿಂಗಳಲ್ಲಿ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದ.

ಪೆಟ್ಟಿಗೆಯ ಕೆಲಸ ಹೀಗಿತ್ತು. ಉರುಳೆಯ ಮುಂದೆ, ಹತ್ತಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ಕಡೆ ಸಣ್ಣ ದೀಪ. ಇನ್ನೊಂದು ಕಡೆ ಗಾಜಿನ ಹಿಂದೆ ಬೆಳಕನ್ನು ನೋಡುವ ಕಣ್ಣು. ನಡುವೆ ಬೆರಳು ಬಂದರೆ ಬೆಳಕು ಕಡಿಮೆಯಾಗುತ್ತದೆ. ಆಗ ಪೆಟ್ಟಿಗೆ ಒಂದು ಕೊಂಡಿ ಬಿಡಿಸುತ್ತದೆ, ಕೊಂಡಿಗೆ ತೂಗಿದ ಕಲ್ಲು ಬೀಳುತ್ತದೆ, ಕಲ್ಲು ಪಟ್ಟಾವನ್ನು ಪಕ್ಕದ ಖಾಲಿ ಗಾಲಿಗೆ ಎಳೆಯುತ್ತದೆ, ಜಿನ್ನು ನಿಲ್ಲುತ್ತದೆ.

ಪ್ರಭಂಜನ ಪೆಟ್ಟಿಗೆ ತೆರೆದು ಎಂಟು ಕಾಲಿನ ಕರೀ ಹುಳದಂಥ ಒಂದು ಎಲೆಕ್ಟ್ರಾನಿಕ್ ಚಿಪ್ಪನ್ನು ತೋರಿಸಿದ.

"ಯಜಮಾನ್ರ, ಎಲ್ಲಾ ಇದರಾಗ ಅದ. ಕಂಪ್ಯಾರೇಟರ್ ಅಂತಾರ. ಇದರ ಒಂದು ಕಾಲಿಗೆ ಕಣ್ಣಿನಿಂದ ಬಂದ ವೋಲ್ಟೇಜು, ಇನ್ನೊಂದು ಕಾಲಿಗೆ ನಾವು ಇಟ್ಟ ಗಡಿ. ಯಾವುದು ಹೆಚ್ಚು, ಯಾವುದು ಕಡಿಮಿ, ಅಷ್ಟ ಹೇಳ್ತದ. ಬ್ಯಾರೆ ಏನೂ ಗೊತ್ತಿಲ್ಲ ಇದಕ್ಕ."

"ಹಂಗಾದ್ರ ಇದೂ ತಕ್ಕಡೀನ ಆತಲ್ರಿ," ಎಂದೆ.

ಅವನು ನಕ್ಕ. "ತಕ್ಕಡೀನ. ಆದ್ರ ನಿಮ್ಮ ತಕ್ಕಡಿಗಿಂತ ಚುರುಕು ಅದ. ನೋಡ್ರಿ ಇಲ್ಲೆ." ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದ. ಚಿಪ್ಪು ಮಾಡಿದವರೇ ಅಚ್ಚು ಹಾಕಿಸಿದ್ದು. "ಇನ್ನೂರು ನ್ಯಾನೋಸೆಕೆಂಡ್. ಅಂದ್ರ ಒಂದು ಸೆಕೆಂಡನ್ನ ಐವತ್ತು ಲಕ್ಷ ಚೂರು ಮಾಡಿದ್ರ ಅದರಾಗ ಒಂದು ಚೂರು. ಅಷ್ಟರಾಗ ತೀರ್ಪು ಕೊಡ್ತದ."

"ನಮ್ಮ ಕೋರ್ಟಿನಾಗ ಒಂದು ಇಡಸ್ರಿ ಹಂಗಾದ್ರ," ಎಂದಳು ರೇಣುಕವ್ವ.

ಶನಿವಾರ ಎಲ್ಲರ ಮುಂದೆ ಪರೀಕ್ಷೆಯಾಯಿತು. ಹಲಗೆ ತೆಗೆದು, ಪ್ರಭಂಜನ ಒಂದು ಎಳೆ ಸೌತೆಕಾಯಿಯನ್ನು ಬೆರಳಿನ ಹಾಗೆ ಹಿಡಿದು ಮೆಲ್ಲಗೆ ಉರುಳೆಯ ಕಡೆ ಒಯ್ದ. ತುದಿ ಬೆಳಕಿಗೆ ಅಡ್ಡ ಬಂದದ್ದೇ ಟಕ್ಕೆಂದು ಕೊಂಡಿ ಬಿಟ್ಟಿತು, ಕಲ್ಲು ಬಿತ್ತು, ಉರುಳೆ ನಿಂತಿತು. ಸೌತೆಕಾಯಿಗೆ ಗೀರೂ ಬಿದ್ದಿರಲಿಲ್ಲ. ಮೂರು ಸಲ ಮಾಡಿದ. ಮೂರು ಸಲವೂ ಹಾಗೇ.

ಧಣಿಗಳಿಗೆ ಖುಷಿಯಾಯಿತು. ಆದರೆ ಅವರ ಖುಷಿ ಪ್ರಭಂಜನ ಎಣಿಸಿದ ದಾರಿಯಲ್ಲಿ ಹೋಗಲಿಲ್ಲ.

"ಹಂಗಾದ್ರ ಈ ಹಲಗಿ ಯಾಕ ಬೇಕೋ ಇನ್ನ? ಇದರ ಸಲುವಾಗೇ ಹತ್ತಿ ಸಿಗಬೀಳ್ತದ, ಕೆಲಸ ನಿಧಾನ ಆಗ್ತದ. ಸೋಮವಾರದಿಂದ ನಾಕನೇ ಜಿನ್ನಿನ ಹಲಗಿ ತೆಗಿರಿ. ಒಂದು ವಾರ ನೋಡಿ ಎಲ್ಲಾ ಜಿನ್ನಿಗೂ ಕಣ್ಣು ಕೂಡಿಸಿಬಿಡೂಣು. ಗುರುವಾರ ಸ್ಟೇಶನ್ನಿಗೆ ವ್ಯಾಗನ್ ಬರ್ತದ, ಹತ್ತಿ ಅಂಡಿಗೆ ತುಂಬಿಸ್ತೀನಂತ ಮಾತು ಕೊಟ್ಟೀನಿ."

ಪ್ರಭಂಜನ ಹಲಗೆಯ ಜೊತೆಗೆ ಇರಲೆಂದು ಕಣ್ಣು ಮಾಡಿದ್ದ, ಹಲಗೆಯ ಬದಲಿಗೆ ಅಲ್ಲ. ಆದರೆ ಅಷ್ಟು ಜನರ ಮುಂದೆ ಚಿಕ್ಕಪ್ಪ ಬೆನ್ನು ತಟ್ಟಿದಾಗ ಅವನ ಬಾಯಿ ಕಟ್ಟಿತು. ಐವತ್ತು ಲಕ್ಷದ ಒಂದು ಚೂರು ಅವನ ತಲೆಯಲ್ಲಿತ್ತು. ರೇಣುಕವ್ವ ಮಾತ್ರ ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವಳಿಗೆ ಚಳಿಯಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಯಂತ್ರಕ್ಕೆ ಪೂಜೆ. ಧಣಿಗಳು ಕಾಯಿ ಒಡೆದರು. ರೇಣುಕವ್ವ ಸ್ನಾನ ಮಾಡಿ ಬಂದು ಭಕ್ತಿಯಿಂದ ಪೆಟ್ಟಿಗೆಗೆ ಹೂ ಏರಿಸಿದಳು. ಮೂರು ಬೆರಳಿನಲ್ಲಿ ಹಸಿ ವಿಭೂತಿ ತೆಗೆದುಕೊಂಡು ಆ ದುಂಡನೆಯ ಗಾಜಿನ ಮೇಲೆ ಅಡ್ಡಗೆ ಮೂರು ಗೆರೆ ಎಳೆದಳು. ತನ್ನ ಕೈ ಕಾಯುವ ಕಣ್ಣಲ್ಲವೇ? ನಾನೂ ನೋಡಿದೆ, ನಾನೂ ಕೈ ಮುಗಿದೆ. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಹಲಗೆ ತೆಗೆಯುವ ಮೊದಲು ಕಣ್ಣನ್ನು ಒಂದು ತಾಸು ಓಡಿಸಿ ನೋಡೋಣವೆಂದು ಪ್ರಭಂಜನ ಜಿನ್ನು ಶುರು ಮಾಡಿಸಿದ. ಶುರುವಾದದ್ದೇ ಟಕ್. ಕಲ್ಲು ಬಿತ್ತು. ಮತ್ತೆ ಎತ್ತಿ ಕಟ್ಟಿದರು. ಮತ್ತೆ ಟಕ್. ಒಂದು ಕಾಲು ಗಂಟೆಯಲ್ಲಿ ಹನ್ನೊಂದು ಸಲ ನಿಂತಿತು.

"ಏನೋ ಪ್ರಭಂಜನಾ, ನಿನ್ನ ಕಣ್ಣಿಗೆ ದೃಷ್ಟಿ ಆತೇನು?" ಎಂದರು ಧಣಿಗಳು. ದನಿಯಲ್ಲಿ ನಗೆ ಅರ್ಧವೇ ಇತ್ತು. "ವ್ಯಾಗನ್ ನಿನ್ನ ಸಲುವಾಗಿ ಕಾಯೂದಿಲ್ಲ."

ಗಾಜಿನ ಮೇಲಿನ ವಿಭೂತಿ ಅಷ್ಟರಲ್ಲಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಹತ್ತಿಯ ಧೂಳು ಕೂತಿತ್ತು. ಪ್ರಭಂಜನ ಅದನ್ನು ನೋಡಲೇ ಇಲ್ಲ. ಗಡಿ ಇಡುವ ಸಣ್ಣ ತಿರುಪನ್ನು ತಿರುಗಿಸಿದ. ಟಕ್ ಎನ್ನುವುದು ನಿಂತಿತು. ಜಿನ್ನು ಒಂದೇ ಸಮ ಓಡಿತು.

"ಹಾಂ, ಈಗ ಹಾದಿಗೆ ಬಂತು," ಎಂದರು ಧಣಿಗಳು. "ತೆಗಿರಿ ಹಲಗಿ."

ನಾನು ಆಗ ಬಾಗಿಲಲ್ಲಿ ನಿಂತಿದ್ದೆ. ನನಗೆ ವೋಲ್ಟೇಜು ಗೊತ್ತಿಲ್ಲ. ಆದರೆ ಬೆಳಿಗ್ಗೆ ಸುಮ್ಮಸುಮ್ಮನೆ ಬೀಳುತ್ತಿದ್ದ ತಕ್ಕಡಿ ಒಂದು ತಿರುಪು ತಿರುಗಿಸಿದ ಕೂಡಲೇ ಸರಿಯಾಯಿತು ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಅಂಥ ತಕ್ಕಡಿಗೆ ಮತ್ತೊಮ್ಮೆ ಕಲ್ಲು ಹಾಕಿ ನೋಡಬೇಕು.

"ಧಣ್ಯಾರ, ಇನ್ನೊಂದು ಸಲ ಸೌತಿಕಾಯಿ ಹಿಡದು ನೋಡೂಣ್ರಿ."

"ಸೌತಿಕಾಯಿ ಶನಿವಾರ ಪಾಸಾಗೇದಲ್ಲೋ ಮೈಲಾರಪ್ಪಾ."

"ಶನಿವಾರ ಪಾಸಾಗಿದ್ದು ಶನಿವಾರದ ಸೌತಿಕಾಯಿರಿ."

ರೇಣುಕವ್ವ ಆಗಲೇ ತನ್ನ ಬುತ್ತಿಯ ಗಂಟು ಬಿಚ್ಚಿದ್ದಳು. ರೊಟ್ಟಿಯ ನಡುವಿನಿಂದ ಒಂದು ಸೌತೆಕಾಯಿ ಹಿರಿದಳು. "ನಂದ ತಗೋರಿ. ನಾನ ಹಿಡೀತೀನಿ. ಕುಂದ್ರಾಕಿ ನಾನಲ್ಲ?"

ಹಲಗೆ ಎತ್ತಿದರು. ಅವಳು ದಿನಾ ಸಿಕ್ಕು ಕೀಳುವ ವೇಗದಲ್ಲೇ ಸೌತೆಕಾಯಿಯನ್ನು ಒಳಗೆ ಹಾಕಿದಳು. ಪೆಟ್ಟಿಗೆಯೊಳಗೆ ಟಕ್ ಎನ್ನಲಿಲ್ಲ. ಗುಂಯ್ ಎಂದು ನೊಣದಂಥ ಸದ್ದಾಯಿತು. ಆಮೇಲೆ ಕಲ್ಲು ಬಿತ್ತು. ಅಷ್ಟರಲ್ಲಿ ಅವಳ ಕೈಯಲ್ಲಿ ಉಳಿದದ್ದು ಅರ್ಧ ಕಾಯಿ. ಉರುಳೆಯ ಚರ್ಮದಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಂಗಳದಲ್ಲಿ ಮಲ್ಲಕ್ಕನ ಕಸಬರಿಗೆಯ ಸದ್ದು ನಿಂತಿತ್ತು.

"ಆಗಾಕ ಸಾಧ್ಯ ಇಲ್ಲ ಇದು," ಎಂದ ಪ್ರಭಂಜನ. ಕಾಗದ ತೆಗೆದು ಮತ್ತೆ ನೋಡಿದ. "ಇನ್ನೂರು ಅಂತ ಬರದದ."

"ಸಣ್ಣ ಧಣ್ಯಾರ, ಜರಾ ನನ್ನ ಸಂಗಾಟ ಬರ್ರಿ," ಎಂದು ಅವನನ್ನು ಹೊರಗೆ ತಕ್ಕಡಿಯ ಹತ್ತಿರ ಕರೆದುಕೊಂಡು ಹೋದೆ.

ತಕ್ಕಡಿಯ ಎರಡೂ ತಟ್ಟೆಗೆ, ನಮ್ಮ ಮಾತಿನಲ್ಲಿ ಪರಡಿಗೆ, ಇಪ್ಪತ್ತು ಇಪ್ಪತ್ತು ಕಿಲೋ ಕಲ್ಲು ಹಾಕಿ ಮುಳ್ಳು ನಡುವೆ ನಿಲ್ಲಿಸಿದೆ. ಆಮೇಲೆ ಒಂದು ಪರಡಿಗೆ ಐದು ಕಿಲೋ ಕಲ್ಲು ಇಟ್ಟೆ. ದಡ್ ಎಂದು ಕೆಳಗೆ ಕೂತಿತು. ಅದನ್ನು ತೆಗೆದು, ಮುಳ್ಳು ನಿಂತ ಮೇಲೆ, ಹತ್ತು ಗ್ರಾಮಿನ ಕಲ್ಲು ಇಟ್ಟೆ.

"ಎಣಸ್ರಿ."

"ಒಂದು..."

"ಒಂದು ಅನಬ್ಯಾಡ್ರಿ. ತೂಕದ ಜಾಗಾದಾಗ ಮೊದಲನೇದು ಲಾಭ." ನಮ್ಮಲ್ಲಿ ಅಳೆಯುವವರೂ ತೂಗುವವರೂ ಹಾಗೇ ಎಣಿಸುತ್ತಾರೆ. "ಲಾಭ... ಎರಡು... ಮೂರು... ನಾಕು..."

ನಾಲ್ಕಕ್ಕೆ ಮುಳ್ಳು ಯಾವ ಕಡೆ ಹೊರಟಿದೆ ಎಂಬುದು ಕಾಣಿಸಿತು. ಆರಕ್ಕೆ ಪರಡಿ ಇಳಿಯಿತು.

"ತಕ್ಕಡಿ ಒಂದೇ, ಭಾರ ಬ್ಯಾರೆ ಬ್ಯಾರೆ," ಎಂದೆ. "ಭಾರ ಭಾಳ ಹೆಚ್ಚಿದ್ರ ತಟ್ಟನೆ ಹೇಳ್ತೈತಿ. ಕೂದಲೆಳಿಯಷ್ಟ ಹೆಚ್ಚಿದ್ರ ಯೋಚನಿ ಮಾಡಿ ಹೇಳ್ತೈತಿ. ನಾ ಹೊಸದಾಗಿ ಬಂದಾಗ ಮುಳ್ಳು ನಿಲ್ಲೂದಕ್ಕಿಂತ ಮೊದಲ ತೂಕ ಕೂಗಿ ಒಬ್ಬ ರೈತನ ಕಡಿಂದ ಎಲ್ಲಾರ ಮುಂದ ಬೈಸಿಕೊಂಡೀನಿ. ಅವತ್ತಿಂದ ಎಷ್ಟು ಹೊತ್ತು ಹಿಡೀತು ಅಂತ ಯಾರರ ಕೇಳಿದ್ರ, ಎಷ್ಟು ಭಾರ ಹಾಕಿದ್ರಿ ಅಂತ ತಿರುಗಿ ಕೇಳ್ತೀನಿ. ನಿಮ್ಮ ಚೀಟಿಯಾಗ ಇನ್ನೂರು ಅಂತ ಬರದಾರಲ್ಲ, ಅವರು ಎಷ್ಟು ಭಾರ ಹಾಕಿ ನೋಡ್ಯಾರ?"

ಪ್ರಭಂಜನ ಕಾಗದವನ್ನು ಬಿಸಿಲಿಗೆ ಹಿಡಿದ. ಇನ್ನೂರು ಎಂಬ ಅಂಕಿಯ ಪಕ್ಕ ಇರುವೆಯಂಥ ಒಂದು ಸಣ್ಣ ಗುರುತಿತ್ತು. ಅದೇ ಗುರುತು ಹಾಳೆಯ ಬುಡದಲ್ಲಿಯೂ ಇತ್ತು, ಅದರ ಮುಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ಅವನು ಎರಡು ಸಲ ಓದಿದ.

"ಬರದಾರ," ಎಂದ ಮೆಲ್ಲಗೆ. "ನೂರು ಮಿಲಿವೋಲ್ಟಿನ ಹೆಜ್ಜಿ ಹಾಕಿಸಿ, ಗಡಿ ದಾಟಿದ ಮ್ಯಾಲೆ ಐದು ಮಿಲಿವೋಲ್ಟ್ ಹೆಚ್ಚಿಗಿ ಕೊಟ್ಟು ನೋಡಿದಾಗ ಇನ್ನೂರು. ಹೆಚ್ಚು ಕೊಟ್ರ ಇನ್ನೂ ಚುರುಕು, ಕಡಿಮಿ ಕೊಟ್ರ ಸಾವಕಾಶ. ಪಕ್ಕದಾಗ ಚಿತ್ರಾನೂ ಅದ. ನಾನು ಅಂಕಿ ಅಷ್ಟ ನೋಡಿದ್ದೆ."

"ಅವರು ಸುಳ್ಳು ಬರದಿಲ್ಲ ಹಂಗಾದ್ರ."

"ಇಲ್ಲ. ನಾನ ಅರ್ಧ ಓದಿದ್ದು."

ಒಳಗೆ ಹೋಗಿ ಮೀಟರ್ ಹಚ್ಚಿ ನೋಡಿದ. ಬೆರಳು ಅಡ್ಡ ಹಿಡಿದರೂ ಮೀಟರಿನ ಮುಳ್ಳು ಗಡಿಯ ಆಚೆ ಈಚೆ ನಡುಗುತ್ತಿತ್ತು. ಹಾಗೆ ನಡುಗಿದಾಗಲೇ ಕೊಂಡಿ ಬಿಡಬೇಕೋ ಬೇಡವೋ ತಿಳಿಯದೆ ಗುಂಯ್ ಎನ್ನುತ್ತಿತ್ತು. ಚಿಪ್ಪಿಗಿಂತ ಬೆಳಕಿನ ಕಣ್ಣೇ ಎಷ್ಟೋ ಪಾಲು ಜಡ ಎಂದೂ ಹೇಳಿದ. ಆಮೇಲೆ ಗಾಜಿನ ಹತ್ತಿರ ಬಗ್ಗಿ, ಉಗುರಿನಿಂದ ಕೆರೆದು, ಬೆರಳಿಗೆ ಹತ್ತಿದ್ದನ್ನು ನೋಡಿದ.

"ಇದೇನು, ವಿಭೂತಿ?"

ರೇಣುಕವ್ವನ ಕಣ್ಣು ತುಂಬಿದವು. "ನನ್ನ ಕೈ ಕಾಯೂ ದೇವರು ಅಂತ ಹಚ್ಚಿದ್ದೆರಿ. ನಂದ ತಪ್ಪಾತು."

"ನಿಂದಲ್ಲವ್ವಾ," ಎಂದ ಅವನು. "ಹತ್ತಿ ಧೂಳು ಕೂತು ಕೂತು ಎಂಟು ದಿನಕ್ಕ ಇಷ್ಟ ಮಬ್ಬು ಆಗ್ತಿತ್ತು. ನಾನೂ ಇದೇ ತಿರುಪು ತಿರುಗಿಸ್ತಿದ್ದೆ. ಎಂಟು ದಿನದ ಮ್ಯಾಲೆ ಆಗೂದನ್ನ ನೀ ಇವತ್ತ ಮಾಡಿ ತೋರಿಸಿದಿ."

ಗಾಜು ಒರೆಸಿ, ತಿರುಪು ಮೊದಲಿನ ಜಾಗಕ್ಕೆ ತಂದ. ಧಣಿಗಳಿಗೆ ದಾರಿ ಸುಲಭವಾಗಿ ಕಂಡಿತು.

"ಮುಗೀತಲ್ಲ. ದಿನಾ ಮುಂಜಾನೆ ಗಾಜು ಒರಸ್ರಿ, ಪೂಜಾ ದೂರಿಂದ ಮಾಡ್ರಿ. ಹಲಗಿ ತೆಗಿರಿ."

ಪ್ರಭಂಜನ ನನ್ನ ಮುಖ ನೋಡಿದ. ಆಮೇಲೆ ರೇಣುಕವ್ವನ ಕಡೆ ತಿರುಗಿ, "ಉಳದ ಅರ್ಧಾ ಕಾಯಿ ಹಿಡೀವಾ ಇನ್ನೊಮ್ಮೆ," ಎಂದ.

ಈ ಸಲ ಟಕ್ ಎಂದು ಸ್ವಚ್ಛವಾಗಿ ಸದ್ದಾಯಿತು. ಕಲ್ಲು ಬಿತ್ತು. ಆದರೂ ಕಾಯಿಯ ತುದಿಯಲ್ಲಿ ಉಗುರಿನಷ್ಟು ಜಾಗ ಕಚ್ಚಿ ಹೋಗಿತ್ತು.

"ಶನಿವಾರ ನೀವು ಮದುವಿ ಹೆಣ್ಣಿನಂಗ ಸಾವಕಾಶ ಒಳಗ ಹೋಗಿದ್ರಿ," ಎಂದಳು ರೇಣುಕವ್ವ. "ನಾವು ಹಂಗ ಮಾಡಿದ್ರ ಧಣ್ಯಾರು ಬೈತಾರ."

ಪ್ರಭಂಜನ ಸೀಮೆಸುಣ್ಣ ತಂದು ಉರುಳೆಯ ಮೇಲೆ ಗುರುತು ಮಾಡಿದ. ಟಕ್ ಎಂದ ಗಳಿಗೆಯಿಂದ ಉರುಳೆ ಪೂರ್ತಿ ನಿಲ್ಲುವ ತನಕ ಅದು ಎಷ್ಟು ತಿರುಗಿತೆಂದು ನಾನು ನೂಲಿನಿಂದ ಅಳೆದೆ. ಒಂದು ಗೇಣು. ಐದು ಸಲ ಅಳೆದರೂ ಹೆಚ್ಚುಕಡಿಮೆ ಒಂದು ಗೇಣು. ಕೊಂಡಿ ಬಿಡುವುದಕ್ಕೆ ಒಂದಿಷ್ಟು ಹೊತ್ತು, ಕಲ್ಲು ಬೀಳುವುದಕ್ಕೆ ಒಂದಿಷ್ಟು, ಪಟ್ಟಾ ಸರಿಯುವುದಕ್ಕೆ ಒಂದಿಷ್ಟು, ತಿರುಗುತ್ತಿದ್ದ ಭಾರದ ಉರುಳೆ ತನ್ನ ಸೊಕ್ಕು ಇಳಿಸಿಕೊಳ್ಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು. ಕಣ್ಣಿನಿಂದ ಉರುಳೆಗೆ ಇದ್ದ ದೂರವೋ ನಾಲ್ಕೇ ಬೆರಳು; ಅವಸರದ ಕೈ ಅದನ್ನು ಉರುಳೆ ನಿಲ್ಲುವ ಮೊದಲೇ ದಾಟಿಬಿಡುತ್ತದೆ. ಐವತ್ತು ಲಕ್ಷದ ಚೂರು ಇದರೊಳಗೆ ಎಲ್ಲಿ ಅಡಗಿ ಕೂತಿತ್ತೋ.

ಪ್ರಭಂಜನ ನೂಲನ್ನು ಬೆರಳಿಗೆ ಸುತ್ತಿಕೊಂಡು ಚಿಕ್ಕಪ್ಪನ ಮುಂದೆ ಬಂದು ನಿಂತ.

"ಕಾಕಾ, ನಾ ಮಾಡಿದ್ದು ಸಾಲೂದಿಲ್ಲ. ಹಲಗಿ ತೆಗೀಬ್ಯಾಡ್ರಿ."

"ಶನಿವಾರ ಇಡೀ ಊರ ಮುಂದ ತೋರಿಸಿದ್ಯಲ್ಲೋ? ಹುಬ್ಬಳ್ಳಿತನಕ ಸುದ್ದಿ ಹೋಗೇದ."

"ಶನಿವಾರ ನಾ ತಪ್ಪಿದ್ದೆ ಅಂತ ಸುದ್ದಿ ಕಳಸ್ರಿ."

ಧಣಿಗಳು ಕೆಟ್ಟವರಲ್ಲ. ಮಾತು ಕೊಟ್ಟವರು, ಅಷ್ಟೇ. ಮಾತು ಕೊಟ್ಟ ಮನುಷ್ಯನಿಗೆ ಕೆಲವೊಮ್ಮೆ ಎದುರಿನ ಕೈ ಕಾಣುವುದಿಲ್ಲ. ಅವರು ನನ್ನ ಕಡೆ ತಿರುಗಿದರು.

"ನೀ ಏನಂತಿ ಮೈಲಾರಪ್ಪಾ?"

"ಮುಳ್ಳು ಇನ್ನೂ ನಿಂತಿಲ್ರಿ ಧಣ್ಯಾರ. ಈಗ ಕೂಗಿದ್ರ ತೂಕ ತಪ್ಪತೈತಿ."

ಅವರು ಕಚ್ಚಿ ಹೋದ ಸೌತೆಕಾಯಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅದನ್ನು ಪೆಟ್ಟಿಗೆಯ ಮೇಲೆ ಇಟ್ಟು ಆಫೀಸಿಗೆ ಹೋದರು. ಬೇಡ ಎನ್ನಲಿಲ್ಲ, ತೆಗೆಯಿರಿ ಎಂದೂ ಅನ್ನಲಿಲ್ಲ. ಹಲಗೆ ತನ್ನ ಜಾಗದಲ್ಲಿ ಉಳಿಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಪ್ರಭಂಜನ ಪೆಟ್ಟಿಗೆ ಬಿಚ್ಚತೊಡಗಿದ. ಹುಬ್ಬಳ್ಳಿಗೆ ತಿರುಗಿ ಹೋಗುವ ಮುಖ ಅದು. ರೇಣುಕವ್ವ ಸೌತೆಕಾಯಿ ಇಲ್ಲದ ಬುತ್ತಿ ಉಣ್ಣುತ್ತ ಅವನನ್ನೇ ನೋಡುತ್ತಿದ್ದಳು.

"ಅಲ್ರಿ," ಎಂದಳು, "ನಿಮ್ಮ ಕಣ್ಣು ನನ್ನ ಬೆರಳು ಯಾಕ ನೋಡಬೇಕು? ಬೆರಳು ಸಣ್ಣದು, ಅದೂ ಕಡೇ ಗಳಿಗ್ಯಾಗ ಬರ್ತೈತಿ. ಕೈ ಹಾಕೂದಕ್ಕಿಂತ ಮೊದಲ ಹಲಗಿ ಎತ್ತಬೇಕಲ್ಲ ನಾನು? ಅದನ್ನ ನೋಡಂತ ಹೇಳ್ರಿ ನಿಮ್ಮ ಕಣ್ಣಿಗೆ."

ಪ್ರಭಂಜನನ ಕೈಯಲ್ಲಿದ್ದ ತಿರುಪುಳಿ ಹಾಗೇ ನಿಂತಿತು. ನನಗೂ ನಗೆ ಬಂತು. ಇಪ್ಪತ್ತೆಂಟು ವರ್ಷದ ತೂಕದವನಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ನಾನು ತಕ್ಕಡಿ ಸರಿಯಿದೆಯೇ ಎಂದು ನೋಡುತ್ತಿದ್ದೆ. ಅವಳು ಹತ್ತು ಗ್ರಾಮಿನ ಕಲ್ಲು ಬಿಟ್ಟು ಐದು ಕಿಲೋ ಕಲ್ಲು ಇಡಿರಿ ಎಂದಳು.

ಮಂಗಳವಾರ ದೀಪವನ್ನೂ ಕಣ್ಣನ್ನೂ ಹಲಗೆಯ ಮೇಲಂಚಿಗಿಂತ ತುಸು ಮೇಲೆ ತಂದು ಕೂಡಿಸಿದರು. ಹಲಗೆ ಕೂತಿದ್ದಾಗ ಬೆಳಕು ಪೂರ್ತಿ. ಎರಡು ಬೆರಳಿನಷ್ಟು ಎತ್ತಿದರೆ ಹಲಗೆಯೇ ಅಡ್ಡ ಬಂದು ಬೆಳಕು ಪೂರ್ತಿ ಬಂದ್. ನಡುವಿನ ಗೊಂದಲವೇ ಇಲ್ಲ. ದೀಪ ಹೋದರೂ, ಗಾಜು ಮಬ್ಬಾದರೂ ಜಿನ್ನು ನಿಲ್ಲುತ್ತದೆ, ಓಡುವುದಿಲ್ಲ. ಗಡಿ ಇಡುವ ತಿರುಪಿನ ಮೇಲೆ ಪ್ರಭಂಜನ ಅರಗು ಹಾಕಿ ಮುಚ್ಚಿದ. ತನ್ನ ಕೈಯೂ ಅದರ ಮೇಲೆ ಹೋಗಬಾರದೆಂದ. ಆಮೇಲೆ ಎಣಿಸಿ ನೋಡಿದೆವು. ಹಲಗೆ ಎತ್ತಿ ಬಲಗೈ ಉರುಳೆಯ ತನಕ ಹೋಗುವಷ್ಟರಲ್ಲಿ ರೇಣುಕವ್ವನಿಗೆ, ಎಷ್ಟು ಅವಸರ ಮಾಡಿದರೂ, "ಲಾಭ, ಎರಡು" ಆಗುತ್ತಿತ್ತು. ಉರುಳೆ "ಲಾಭ" ಮುಗಿಯುವುದರೊಳಗೆ ನಿಂತಿರುತ್ತಿತ್ತು.

ಸಂತೆಯಿಂದ ಒಂದು ಡಜನ್ ಸೌತೆಕಾಯಿ ತರಿಸಿದರು. ಹನ್ನೊಂದಕ್ಕೂ ಗೀರು ಬೀಳಲಿಲ್ಲ. ಹನ್ನೆರಡನೆಯದನ್ನು ಧಣಿಗಳೇ ಬಂದು, ಹಲಗೆ ಎತ್ತಿ, ಸಿಟ್ಟಿನ ಮನುಷ್ಯನ ಹಾಗೆ ಒಳಗೆ ತುರುಕಿದರು. ಹೊರಗೆ ತೆಗೆದು ನೋಡಿ, ಧೋತರದ ಚುಂಗಿಗೆ ಒರೆಸಿ, ಅಲ್ಲಿಯೇ ಕಚ್ಚಿ ತಿಂದರು.

"ಉಪ್ಪು ಇಲ್ಲ," ಎಂದರು. ಗುರುವಾರದ ವ್ಯಾಗನ್ನಿಗೆ ಏಳು ಅಂಡಿಗೆ ಕಡಿಮೆ ಬಿದ್ದವು. ಅದರ ಮಾತು ಅವರು ಮತ್ತೆ ಎತ್ತಲಿಲ್ಲ.

ಪ್ರಭಂಜನ ಆ ಅಚ್ಚಿನ ಕಾಗದವನ್ನು ಹಲಗೆಯ ಹಿಂಬದಿಗೆ ಅಂಟಿಸಿದ. ಇನ್ನೂರು ಎಂಬುದರ ಕೆಳಗೆ ತನ್ನ ಕೈಯಿಂದ ಬರೆದ: "ಚಿಪ್ಪಿಗೆ ಇಷ್ಟು. ಉರುಳೆ ನಿಲ್ಲಲು ಒಂದು ಗೇಣು." ರೇಣುಕವ್ವ ಮೂರು ಗೆರೆ ವಿಭೂತಿಯನ್ನು ಪೆಟ್ಟಿಗೆಯ ಬೆನ್ನಿಗೆ ಹಚ್ಚಿದಳು. ಗಾಜನ್ನು ಸೆರಗಿನಿಂದ ಒರೆಸಿದಳು.

ಆ ಮಂಗಳವಾರ ಸಂಜೆ ಉಳಿದವರೆಲ್ಲ ಹೋದ ಮೇಲೆ ಮಲ್ಲಕ್ಕ ಕಸಬರಿಗೆ ಗೋಡೆಗೆ ಆನಿಸಿ ನಾಲ್ಕನೇ ಜಿನ್ನಿನ ಮುಂದೆ ಬಂದಳು. ವರ್ಷದಿಂದ ಆ ಕಡೆ ಹಾಯ್ದಿರಲಿಲ್ಲ. ಪಟ್ಟಾ ಸರಿಸಲು ನಾನು ಇನ್ನೂ ಹೋಗಿರಲಿಲ್ಲ, ಜಿನ್ನು ಖಾಲಿ ಓಡುತ್ತಿತ್ತು. ಅವಳು ಎಡಗೈಯಿಂದ ಹಲಗೆ ಎತ್ತಿದಳು. ಟಕ್. ಕಲ್ಲು ಬಿತ್ತು, ಉರುಳೆ ನಿಂತಿತು. ಮೊಂಡಾದ ಎರಡು ಬೆರಳನ್ನು ಅವಳು ನಿಂತ ಉರುಳೆಯ ಚರ್ಮದ ಮೇಲೆ ಇಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಕಲ್ಲು ಎತ್ತಿ ಕಟ್ಟೋ ಮೈಲಾರಣ್ಣಾ," ಎಂದಳು. "ಇನ್ನೊಮ್ಮೆ ನೋಡ್ತೀನಿ."